ತವರಿನ ತಳಿ

ಉಚ್ಚೆ ಎಂಬ ಮಾತು ಕೇಳಿದೊಡನೆ ಮೂಗು ಮುಚ್ಚಿಕೊಳ್ಳುವವರು ಇಲ್ಲಿಗೇ ಎದ್ದು ಹೋಗಬಹುದು, ನನಗೇನೂ ಬೇಸರವಿಲ್ಲ. ಇಪ್ಪತ್ತೊಂಬತ್ತು ವರ್ಷ ನಾನು ನೋಡಿದ್ದು ಅದನ್ನೇ. ಹುಬ್ಬಳ್ಳಿಯ ಒಂದು ಕಿಡ್ನಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು, ಊರ ಮಂದಿ ಬಾಟಲಿಯಲ್ಲಿ ತುಂಬಿ ತಂದದ್ದನ್ನು ಬೆಳಕಿಗೆ ಹಿಡಿದು, ಬಣ್ಣ ನೋಡಿ, ಬರೆದು, ತಲೆ ಹಣ್ಣಾಯಿತು. ನನ್ನ ಹೆಸರು ಚಂಪಾವತಿ ಪತ್ತಾರ. ಅಪ್ಪ ಬಂಗಾರ ತೂಗುತ್ತಿದ್ದ, ಮಗಳು ಇದನ್ನು ತೂಗುತ್ತಾಳೆ ಎಂದು ನಮ್ಮ ಬಳಗದವರು ನಗುತ್ತಿದ್ದರು. ನಗಲಿ ಪಾಪ. ಅವರಲ್ಲಿ ಮೂವರು ಈಗ ನನ್ನ ಕಡೆಗೇ ಬಾಟಲಿ ತರುತ್ತಾರೆ.

ಇದನ್ನು ಓದುತ್ತಿರುವ ನಿಮ್ಮೊಳಗೂ ಬಹುಶಃ ಅದು ಇದೆ. ಪಾಲಿಯೋಮಾ ಎಂಬ ವೈರಸ್. ಪೋಲಿಯೋ ಅಲ್ಲ ಮತ್ತೆ. ‘ಸಣ್ಣವರಿದ್ದಾಗ ಎರಡು ಹನಿ ಹಾಕಿಸಿಕೊಂಡೀವಲ್ರಿ’ ಎಂದು ನನ್ನ ಜೊತೆ ವಾದಕ್ಕಿಳಿದವರನ್ನು ಕಂಡಿದ್ದೇನೆ. ಇದು ಬೇರೆ. ನೂರು ಮಂದಿಯನ್ನು ಸಾಲಾಗಿ ನಿಲ್ಲಿಸಿದರೆ ಎಂಬತ್ತಕ್ಕೂ ಹೆಚ್ಚು ಮಂದಿಯ ಒಳಗೆ ಅದು ಕೂತಿರುತ್ತದೆ. ಬರುವುದು ಎಳೆತನದಲ್ಲಿ, ಯಾರ ಮಡಿಲಲ್ಲಿ ಬೆಳೆಯುತ್ತೇವೋ ಅವರಿಂದ. ಬಂದದ್ದು ಗೊತ್ತೂ ಆಗುವುದಿಲ್ಲ. ಹೆಚ್ಚೆಂದರೆ ಎರಡು ದಿನ ನೆಗಡಿ. ಆಮೇಲೆ ಕಿಡ್ನಿಯೊಳಗೆ ಮೂಲೆ ಹಿಡಿದು ಕೂತುಬಿಟ್ಟರೆ ಸಾಯುವತನಕ ಮಿಸುಕಾಡುವುದಿಲ್ಲ. ಆಗೀಗ ಒಂದಿಷ್ಟು ಉಚ್ಚೆಯಲ್ಲಿ ಹರಿದು ಹೋಗುತ್ತದೆ, ಅಷ್ಟೆ.

ತೊಂದರೆ ಬರುವುದು ಮೈಯ ಕಾವಲು ಸಡಿಲಾದಾಗ. ಬೇರೆಯವರ ಕಿಡ್ನಿ ಹಾಕಿಸಿಕೊಂಡವರಿಗೆ ನಾವೇ ಗುಳಿಗೆ ಕೊಟ್ಟು ಆ ಕಾವಲನ್ನು ಇಳಿಸುತ್ತೇವೆ, ಇಲ್ಲದಿದ್ದರೆ ಮೈ ಹೊಸ ಕಿಡ್ನಿಯನ್ನು ಒಲ್ಲೆ ಅನ್ನುತ್ತದೆ. ಕಾವಲಿಲ್ಲದ್ದು ನೋಡಿ ಈ ವೈರಸ್ ಎದ್ದು ಕೂರುತ್ತದೆ, ಹೊಸ ಕಿಡ್ನಿಯನ್ನೇ ತಿನ್ನಲು ಸುರು ಮಾಡುತ್ತದೆ. ಅದಕ್ಕೇ ನಮ್ಮ ಆಸ್ಪತ್ರೆಯವರು ಕಿಡ್ನಿ ಹಾಕಿಸಿಕೊಂಡವರ ಮನೆಯಲ್ಲೂ, ಕಿಡ್ನಿ ಕೊಟ್ಟ ಸಂಬಂಧಿಕರ ಮನೆಯಲ್ಲೂ ಬಚ್ಚಲ ಮೋರಿಗೆ ಒಂದು ಪೆಟ್ಟಿಗೆ ಕೂರಿಸಿದರು. ತಂಬಾಕಿನ ಡಬ್ಬಿಯಷ್ಟೇ ಗಾತ್ರ. ದಿನಾ ಬೆಳಗ್ಗೆ ಅದು ಎರಡು ಸಂಗತಿಗಳನ್ನು ನನ್ನ ಪರದೆಗೆ ಕಳಿಸುತ್ತಿತ್ತು: ವೈರಸ್ ಎಷ್ಟಿದೆ ಎಂಬ ಎಣಿಕೆ, ಅದು ಯಾವ ತಳಿಯದು ಎಂಬ ಗುರುತು. ಮನೆ ಮನೆಗೆ ಉಪ್ಪಿನಕಾಯಿಯ ರುಚಿ ಬೇರೆ ಇರುತ್ತದಲ್ಲ, ಹಾಗೆ ಈ ವೈರಸ್ಸೂ ಮನೆಯಿಂದ ಮನೆಗೆ ಚೂರು ಬೇರೆ.

ಮೊದಲು ಕಣ್ಣಿಗೆ ಬಿದ್ದದ್ದು ಒಬ್ಬ ಅಣ್ಣ, ಒಬ್ಬ ತಮ್ಮ. ತಮ್ಮ ಬಾಗಲಕೋಟೆಯಲ್ಲಿ ಮಾಸ್ತರ, ಅಣ್ಣ ಇಲ್ಲಿ ದರ್ಜಿ. ತಮ್ಮ ಅಣ್ಣನಿಗೆ ಕಿಡ್ನಿ ಕೊಟ್ಟಿದ್ದ. ಇಬ್ಬರ ಗೆರೆಗಳೂ ನನ್ನ ಪರದೆಯ ಮೇಲೆ ಒಂದೇ ಹೆಜ್ಜೆಯಲ್ಲಿ ಏರುತ್ತಿದ್ದವು, ಒಂದೇ ಹೆಜ್ಜೆಯಲ್ಲಿ ಇಳಿಯುತ್ತಿದ್ದವು. ತಮ್ಮನಿಗೆ ಅಲ್ಲಿ ಜ್ವರ ಬಂದರೆ ಇಲ್ಲಿ ಅಣ್ಣನ ಎಣಿಕೆ ಏರುತ್ತಿತ್ತು, ಅಣ್ಣ ಗಟ್ಟಿಮುಟ್ಟಾಗಿ ಮಷೀನು ತುಳಿಯುತ್ತಿದ್ದರೂ. ವಾಯರು ಅದಲುಬದಲಾಗಿದೆ ಎಂದುಕೊಂಡು ನಾನು ಕಂಪನಿಯವರಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಆಮೇಲೆ ನೋಡಿದರೆ ಅಕ್ಕ–ತಂಗಿ ಒಂದು ಜೋಡಿ, ತಾಯಿ–ಮಗ ಇನ್ನೊಂದು ಜೋಡಿ, ಎಲ್ಲವೂ ಹಾಗೇ. ಒಂದೇ ತಳಿಯಾದರೆ ಒಂದೇ ಕುಣಿತ. ನಮ್ಮ ಡಾಕ್ಟರು ಮುನೀರ್ ಸವಣೂರ ಮೊದಲ ದಿನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡು ವಾರ ತಾವೇ ಕೂತು ಪರೀಕ್ಷಿಸಿದ ಮೇಲೆ ನಗುವುದನ್ನು ನಿಲ್ಲಿಸಿದರು.

ಒಂದು ಮಂಗಳವಾರ ಮಧ್ಯಾಹ್ನ ಆ ದರ್ಜಿ ತಾನಾಗಿ ಲ್ಯಾಬಿಗೆ ಬಂದ. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ಕೈ ಸೊಂಟದ ಮೇಲಿತ್ತು.

‘ಚಂಪಕ್ಕಾರ, ನಡಾ ತಣ್ಣಗಾಗೇತ್ರಿ. ಒಳಗ ಏನೋ ಗಿರಣಿ ನಿಂತಂಗಾತು. ಇಷ್ಟು ದಿವಸ ಅದು ಸಪ್ಪಳ ಮಾಡ್ತಿತ್ತು ಅನ್ನೂದ ಗೊತ್ತಿದ್ದಿಲ್ರಿ, ನಿಂತ ಮ್ಯಾಲೆ ಗೊತ್ತಾತು.’

ಪರದೆ ನೋಡಿದೆ. ಅವನ ಗೆರೆ ಚಪ್ಪಟೆಯಾಗಿ ಮಲಗಿತ್ತು. ನಾನು ಏನು ಹೇಳಬೇಕೆಂದು ಯೋಚಿಸುತ್ತಿರುವಾಗಲೇ ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಬಾಗಲಕೋಟೆಯಲ್ಲಿ ತಮ್ಮನ ಮೇಲೆ ಲಾರಿ ಹರಿದಿತ್ತು. ಹನ್ನೊಂದು ದಿನ ದರ್ಜಿಯ ಎಣಿಕೆ ಸೊನ್ನೆಯಲ್ಲೇ ನಿಂತಿತು, ಹನ್ನೆರಡನೆಯ ದಿನ ಮೆಲ್ಲಗೆ ಮತ್ತೆ ಸುರುವಾಯಿತು. ಆ ವರ್ಷ ಇನ್ನೂ ನಾಲ್ಕು ಮನೆಗಳಲ್ಲಿ ಹೀಗೇ ಆಯಿತು. ಲ್ಯಾಬಿನಲ್ಲಿ ನಾವು ಅದನ್ನು ಸೂತಕ ಎಂದು ಕರೆಯತೊಡಗಿದೆವು. ವರದಿಯಲ್ಲಿ ಆ ಪದ ಬರೆಯಬೇಡಿರೆಂದು ಡಾಕ್ಟರು ಗದರಿಸಿದರು. ಮಾತಿನಲ್ಲಿ ಮಾತ್ರ ತಾವೂ ಅದನ್ನೇ ಬಳಸಿದರು.

ಇನ್ನು ಶಾವಂತ್ರವ್ವನ ಸಂಗತಿಗೆ ಬರುತ್ತೇನೆ. ಶಾವಂತ್ರವ್ವ ಹೂಗಾರ ನಮ್ಮ ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುವಾಕೆ. ಐವತ್ತೆಂಟು ವರ್ಷ, ಗಂಡ ತೀರಿ ಬಹಳ ದಿನವಾಗಿತ್ತು. ಎರಡು ವರ್ಷದ ಹಿಂದೆ ಅಪಘಾತದಲ್ಲಿ ತೀರಿಕೊಂಡ ಹರಿಹರದ ಒಬ್ಬ ತರುಣನ ಕಿಡ್ನಿ ಅವಳಿಗೆ ಸಿಕ್ಕಿತ್ತು. ನಾನು ದಿನಾ ಮಧ್ಯಾಹ್ನ ಉಣ್ಣುತ್ತಿದ್ದುದು ಅಲ್ಲೇ. ಅವಳ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಸಾಕು, ಹಸಿವಿಲ್ಲದವರಿಗೂ ಹಸಿವಾಗುತ್ತಿತ್ತು. ಬಾಯಿ ಮಾತ್ರ ಬಹಳ ಜೋರು. ‘ಬದನಿಕಾಯಿ ಬ್ಯಾಡಂದ್ರ ಮನಿಗೆ ಹೋಗಿ ಹೇಂತಿ ಕೈಯಾಗ ಮಾಡಿಸ್ಕೊಂಡು ಉಣ್ಣು’ ಎಂದು ಗಿರಾಕಿಗಳನ್ನೇ ಬೈಯುವವಳು.

ಅವಳಿಗೆ ಒಬ್ಬಳೇ ಮಗಳು, ಮಂದಾಕಿನಿ. ಬ್ಯಾಂಡ್ ಕಂಪನಿಯಲ್ಲಿ ಕ್ಲಾರ್ನೆಟ್ ಊದುವವನ ಜೊತೆ ಮದುವೆಯಾಗುತ್ತೇನೆಂದು ಅವಳು ಹೇಳಿದ ದಿನ ಖಾನಾವಳಿಯಲ್ಲಿ ಇಪ್ಪತ್ತು ಮಂದಿ ಉಣ್ಣುತ್ತಿದ್ದರು. ಅಷ್ಟೂ ಮಂದಿಯ ಎದುರು ಶಾವಂತ್ರವ್ವ, ‘ಇವತ್ತಿಗೆ ನನ್ನ ಮಗಳು ಸತ್ಲು’ ಎಂದು ಕೂಗಿದ್ದಳು. ಮಗಳು ಹಿಂದಿರುಗಿ ನೋಡದೆ ಹೋದಳು. ಹನ್ನೊಂದು ವರ್ಷವಾಗಿತ್ತು. ಎಲ್ಲಿದ್ದಾಳೆ, ಇದ್ದಾಳೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ. ತಾಯಿ ಹುಡುಕಿಸಿದ್ದಳು, ಸಿಕ್ಕಿರಲಿಲ್ಲ. ಇದನ್ನೆಲ್ಲ ನನಗೆ ಅವಳೇ ಹೇಳಿದ್ದು, ಒಲೆಯ ಕಡೆ ಮುಖ ಮಾಡಿಕೊಂಡು.

ಅವಳ ಪೆಟ್ಟಿಗೆ ಎರಡು ಗೆರೆ ತೋರಿಸುತ್ತಿತ್ತು. ಹರಿಹರದವನ ಕಿಡ್ನಿಯ ಜೊತೆಗೇ ಬಂದ ತಳಿಯದು ಒಂದು, ತೆಪ್ಪಗೆ ಕೆಳಗೆ ಹರಿಯುತ್ತಿತ್ತು. ಇನ್ನೊಂದು ಅವಳ ತವರಿನ ತಳಿ. ಹೋದ ದೀಪಾವಳಿಯಾದ ಮೇಲೆ ಈ ಎರಡನೆಯದು ಏರತೊಡಗಿತು. ಜಿಗಿಯಲಿಲ್ಲ, ಇಳಿಯಲಿಲ್ಲ, ಒಂದೇ ಸಮನೆ, ವಾರದಿಂದ ವಾರಕ್ಕೆ ಮೆಟ್ಟಿಲು ಹತ್ತಿದಂತೆ ಏರಿತು. ಗುಳಿಗೆ ಕಡಿಮೆ ಮಾಡಿದರೂ ನಿಲ್ಲಲಿಲ್ಲ.

ಡಾಕ್ಟರು ಆ ಗೆರೆಯನ್ನು ಬಹಳ ಹೊತ್ತು ನೋಡಿದರು. ‘ಚಂಪಕ್ಕ, ಇಂಥಾ ಏರಿಕಿ ನಾ ಒಂದ ಕಡೆ ನೋಡೇನಿ. ಬಸುರಿ ಹೆಣ್ಮಕ್ಕಳಾಗ. ಹೊಟ್ಟ್ಯಾಗಿನ ಕೂಸನ್ನ ಮೈ ಒಲ್ಲೆ ಅನ್ನಬಾರದು ಅಂತ ತಾಯಿ ಮೈ ತಾನ ಕಾವಲು ಇಳಿಸ್ತೈತಿ. ಆವಾಗ ಇದು ಹಿಂಗ ಏರ್ತೈತಿ.’ ಆಮೇಲೆ ತಮ್ಮ ಮಾತಿಗೆ ತಾವೇ ನಾಚಿಕೊಂಡು, ‘ಐವತ್ತೆಂಟು ವರ್ಷದಾಕಿ! ತಲಿ ಕೆಟ್ಟೈತಿ ನಂದು’ ಎಂದು ಎದ್ದು ಹೋದರು.

ನನ್ನ ಬಾಯಿ ಸುಮ್ಮನಿರುವ ಬಾಯಿಯೇ? ಮಧ್ಯಾಹ್ನ ಖಾನಾವಳಿಗೆ ಹೋದವಳು, ಅವಳು ತಾಟಿಗೆ ರೊಟ್ಟಿ ಹಾಕುವಾಗ ಚೇಷ್ಟೆಗೆ ಹೇಳಿಬಿಟ್ಟೆ.

‘ಏನ್ ಶಾವಕ್ಕ, ಬಸುರಿ ಅದೀಯಂತಲ್ಲ? ಪೆಟ್ಟಿಗಿ ಹೇಳಾಕತ್ತೈತಿ.’

ಅವಳು ನಗುತ್ತಾಳೆ, ಇಲ್ಲವೇ ಸೌಟು ಎತ್ತುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ರೊಟ್ಟಿಯ ಬುಟ್ಟಿಯನ್ನು ನೆಲದ ಮೇಲಿಟ್ಟು ಅಲ್ಲೇ ಕೂತುಬಿಟ್ಟಳು. ದರ್ಜಿ ಮತ್ತು ಅವನ ತಮ್ಮನ ಕಥೆ ನಾನೇ ಅವಳಿಗೆ ನೂರು ಸಲ ಹೇಳಿದ್ದೆ.

‘ಚಂಪಾ,’ ಎಂದಳು, ‘ನನ್ನ ತವರ ತಳಿ ಯಾರ್ಯಾರ ಕಡೆ ಐತಿ?’

‘ನಿನಗ ಅಕ್ಕ ತಂಗಿ ಅಣ್ಣ ತಮ್ಮ…’

‘ಯಾರೂ ಇಲ್ಲ. ಅಪ್ಪ ಅವ್ವ ಹೋಗ್ಯಾರ. ನಾ ಎತ್ತಿ ಆಡಿಸಿದ್ದು ಒಂದ ಕೂಸು.’

ಅವಳು ಎರಡೂ ಕೈಯನ್ನು ಸೊಂಟದ ಮೇಲಿಟ್ಟುಕೊಂಡು, ಒಳಗೆ ಯಾರೋ ಮಾತಾಡುತ್ತಿರುವುದನ್ನು ಕೇಳಿಸಿಕೊಳ್ಳುವವಳಂತೆ ಕೂತಿದ್ದಳು. ‘ಜೀವಂತ ಅದಾಳ. ನನ್ನ ಮಂದಾ ಬಸುರಿ ಅದಾಳ, ಯವ್ವಾ!’ ಎಂದು ಅಳತೊಡಗಿದಳು. ಉಣ್ಣುತ್ತಿದ್ದವರು ತಾಟು ಬಿಟ್ಟು ಎದ್ದು ನಿಂತರು.

ಅಂದಿನಿಂದ ಅವಳು ದಿನಾ ಮಧ್ಯಾಹ್ನದ ಊಟದ ಗದ್ದಲ ಮುಗಿದ ಕೂಡಲೇ ಲ್ಯಾಬಿಗೆ ಬರತೊಡಗಿದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನ ಪರದೆಯ ಮುಂದೆ ನಿಲ್ಲುವಳು. ‘ಹೆಂಗದಾಳ ಇವತ್ತು?’ ಎಂದು ಕೇಳುವಳು. ನಾನು ಗೆರೆ ತೋರಿಸುವೆ. ಒಂದು ದಿನ ಎಣಿಕೆ ಚೂರು ಜಾಸ್ತಿ ಇದ್ದರೆ, ‘ನಿನ್ನೆ ಏನೋ ತ್ರಾಸ ಮಾಡ್ಕೊಂಡಾಳ, ನೀರು ಹೊತ್ತಿರಬೇಕ’ ಎನ್ನುವಳು. ಎಲ್ಲೋ ಒಬ್ಬ ಹೆಣ್ಣುಮಗಳು ತನ್ನ ಪಾಡಿಗೆ ತಾನು ಬಟ್ಟೆ ಒಗೆಯುತ್ತಿದ್ದಾಳೆ, ಇಲ್ಲಿ ಇಬ್ಬರು ಮುದುಕಿಯರು ಅವಳ ಹೊಟ್ಟೆಯನ್ನು ಕಾಯುತ್ತ ಕೂತಿದ್ದಾರೆ. ಅವಳಿಗೆ ಇದರ ಸುಳಿವೂ ಇಲ್ಲ.

ಏಳನೆಯ ತಿಂಗಳಿನಲ್ಲಿ ಒಂದು ಬೆಳಗ್ಗೆ ಎರಡೂ ಗೆರೆ ಸೊನ್ನೆಯಾದವು. ಸೂತಕ ಎಂದುಕೊಂಡು, ಏನೆಂದು ಹೇಳಲಿ ಎಂದು ಓಣಿಯುದ್ದಕ್ಕೂ ಅಳುತ್ತಲೇ ಓಡಿದೆ. ಶಾವಂತ್ರವ್ವ ಬಚ್ಚಲಲ್ಲಿ ಸೀರೆ ಎತ್ತಿ ಕಟ್ಟಿಕೊಂಡು ಆಸಿಡ್ ಸುರಿದು ನೆಲ ತಿಕ್ಕುತ್ತಿದ್ದಳು. ಪೆಟ್ಟಿಗೆ ಅದನ್ನು ಕುಡಿದು ಮೂರ್ಛೆ ಹೋಗಿತ್ತು. ಅವತ್ತು ನಾನು ಅವಳಿಗೆ ಕೊಟ್ಟ ಬೈಗುಳ ಬರೆಯಲು ಬರುವುದಿಲ್ಲ.

ನಗುವ ಸಂಗತಿ ಅದೊಂದೇ. ಏರುತ್ತಿದ್ದ ಆ ವೈರಸ್ಸು ಸುಮ್ಮನೆ ಸುದ್ದಿ ತರುತ್ತಿರಲಿಲ್ಲ, ಅವಳ ಕಿಡ್ನಿಯನ್ನು ತಿನ್ನುತ್ತಿತ್ತು. ಬಸುರಿಯಾದ ಮಗಳ ಮೈಗೆ ಅದರಿಂದ ಏನೂ ಇಲ್ಲ. ಹೆತ್ತ ಮೇಲೆ ತಾನೇ ಇಳಿಯುತ್ತದೆ. ತಾಯಿಯ ಮೈಗೆ ಮಾತ್ರ ಅದನ್ನು ತಡೆಯುವ ಕಾವಲೇ ಇರಲಿಲ್ಲ. ಅವಳ ಕಾಲು ಬಾತವು, ಮುಖ ಊದಿತು, ರಕ್ತದ ವರದಿ ವಾರದಿಂದ ವಾರಕ್ಕೆ ಕೆಟ್ಟಿತು. ಅದೇ ಹೊತ್ತಿಗೆ ಹೊಸ ಔಷಧಕ್ಕೆ ಪರವಾನಗಿ ಸಿಕ್ಕಿತು. ಡಾಕ್ಟರು ಖುಷಿಯಿಂದ ಅವಳನ್ನು ಕೋಣೆಗೆ ಕರೆಸಿದರು. ನಾನೂ ಇದ್ದೆ.

‘ಶಾವಂತ್ರವ್ವಾರ, ಏಳು ದಿವಸದ ಔಷಧ. ಮೈಯಾಗಿನ ಪಾಲಿಯೋಮಾ ಬೇರಸಮೇತ ಹೋಗ್ತೈತಿ. ನಿಮ್ಮ ಕಿಡ್ನಿ ಉಳೀತೈತಿ. ಆದ್ರ ಇದು ಜಲ್ಮದಾಗ ಒಮ್ಮೆ ಮಾತ್ರ. ಎರಡ್ನೇ ಸಲ ಕೊಟ್ರ ಎಲುಬಿನ ಮಜ್ಜೆ ಸುಟ್ಟು ಹೋಗ್ತೈತಿ.’

‘ಬೇರಸಮೇತ ಅಂದ್ರ, ನನ್ನ ಮಗಳ ಗೆರಿನೂ ಹೋಗ್ತೈತೇನ್ರಿ?’

ಡಾಕ್ಟರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ‘ಹೋಗ್ತೈತ್ರಿ,’ ಎಂದರು.

‘ಹಂಗಾರ ಆಕಿ ಹಡೀಲಿ. ಆಮ್ಯಾಲೆ ನೋಡೂಣು.’

‘ಇನ್ನ ಎರಡು ತಿಂಗಳ ಐತ್ರಿ! ಅಷ್ಟರಾಗ ಕಿಡ್ನಿ ಉಳೀತೈತಿ ಅಂತ ನಾ ಹೇಳಾಕ ಬರಂಗಿಲ್ಲ.’

‘ಡಾಕ್ಟರ, ಹಡಿಯೂ ಮಗಳನ್ನ ನಡುದಾರ್‍ಯಾಗ ಬಿಟ್ಟು ಬಾಗಲಾ ಹಾಕ್ಕೊಳ್ಳಾಕ ನನಗ ಬರಂಗಿಲ್ರಿ. ಒಮ್ಮೆ ಹಾಕ್ಕೊಂಡೇನಿ.’

ನಾನು ಬೈದೆ, ಅತ್ತೆ, ಮಾತು ಬಿಟ್ಟೆ, ಮೂರು ದಿನ ಬೇರೆ ಖಾನಾವಳಿಯಲ್ಲಿ ಉಂಡೆ. ಚೇಷ್ಟೆ ಮಾಡಿ ಹೇಳಿದ ನನ್ನ ನಾಲಿಗೆಯನ್ನು ಕತ್ತರಿಸಿ ಹಾಕಬೇಕು ಎನ್ನಿಸಿತು. ಅವಳು ಜಗ್ಗಲಿಲ್ಲ. ಊದಿದ ಕಾಲನ್ನು ಮಣೆಯ ಮೇಲಿಟ್ಟುಕೊಂಡು ರೊಟ್ಟಿ ಬಡಿದಳು.

ಕಾರಹುಣ್ಣಿವೆ ಕಳೆದ ಗುರುವಾರ ಮಧ್ಯಾಹ್ನ ಎಣಿಕೆ ಒಮ್ಮೆಲೇ ಆಕಾಶಕ್ಕೆ ಹೋಯಿತು. ಶಾವಂತ್ರವ್ವ ಹಿಟ್ಟು ನಾದುತ್ತಿದ್ದವಳು ಗೋಡೆ ಹಿಡಿದು ನಿಂತಳಂತೆ. ಶುಕ್ರವಾರ ಬೆಳಗ್ಗೆ ಗೆರೆ ಇಳಿಯತೊಡಗಿತ್ತು. ಚಪ್ಪಟೆಯಾಗಲಿಲ್ಲ, ಇಳಿಯಿತು, ಹೆತ್ತವರ ಗೆರೆ ಹೇಗೆ ಇಳಿಯಬೇಕೋ ಹಾಗೆ ಮೆಲ್ಲಮೆಲ್ಲಗೆ. ಡಾಕ್ಟರು ಕುರ್ಚಿಯಿಂದ ಎದ್ದು ನನ್ನ ಕೈ ಕುಲುಕಿದರು. ಅವತ್ತು ಖಾನಾವಳಿಯಲ್ಲಿ ಉಂಡವರಿಗೆಲ್ಲ ಹೋಳಿಗೆ. ಏನು ವಿಶೇಷ ಎಂದು ಕೇಳಿದವರಿಗೆ ಅವಳು, ‘ನನ್ನ ಮಗಳು ಹಡೆದಾಳ’ ಎಂದಳು. ಗಂಡೋ ಹೆಣ್ಣೋ ಎಂದು ಕೇಳಿದವರ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದಳು.

ಎರಡು ವಾರದ ನಂತರ, ಗೆರೆ ಸಮಕ್ಕೆ ಬಂದದ್ದನ್ನು ತನ್ನ ಕಣ್ಣಾರೆ ನೋಡಿದ ಮೇಲೆ, ಶಾವಂತ್ರವ್ವ ಔಷಧಕ್ಕೆ ಒಪ್ಪಿ ಆಸ್ಪತ್ರೆಗೆ ಸೇರಿದಳು. ಕಿಡ್ನಿ ಅರ್ಧ ಹೋಗಿತ್ತು, ಅರ್ಧ ಉಳಿದಿತ್ತು. ಅದು ಸಾಕು, ಜಾಗ್ರತೆಯಿಂದಿದ್ದರೆ ಹತ್ತು ವರ್ಷ ನಡೆಯುತ್ತದೆ ಎಂದರು ಡಾಕ್ಟರು. ಐದನೆಯ ದಿನ ಎರಡೂ ಗೆರೆ ಸೊನ್ನೆಗೆ ಬಂದವು. ತಳಿಯ ಕಾಲಂನಲ್ಲಿ ‘ಇಲ್ಲ’ ಎಂದು ಬಂತು. ನಾನು ವಾರ್ಡಿಗೆ ಹೋದಾಗ ಅವಳು ಕಿಟಕಿಯ ಕಡೆ ತಿರುಗಿ ಮಲಗಿದ್ದಳು.

‘ನಡಾ ತಣ್ಣಗಾತು ಚಂಪಾ,’ ಎಂದಳು. ‘ಒಳಗ ಯಾರೂ ಇಲ್ಲ.’

‘ಇರಬಾರದು. ಅದಕ್ಕ ಔಷಧ ಕೊಟ್ಟದ್ದು,’ ಎಂದು ಗದರಿಸಿ, ಹೊರಗೆ ಬಂದು ಸಾಮಾನು ಇಡುವ ಕೋಣೆಯಲ್ಲಿ ನಿಂತು ಅತ್ತೆ.

ಲ್ಯಾಬಿನಲ್ಲಿ ಡಾಕ್ಟರು ಪರದೆಯ ಮುಂದೆ ಕೂತಿದ್ದರು. ಮುಖ ಬಿಳುಚಿಕೊಂಡಿತ್ತು. ‘ಚಂಪಕ್ಕ, ಒಂದು ಮಾತು. ನಾವು ಈ ತುದಿ ಅಳಿಸಿದ್ವಿ. ಆ ತುದಿಯಾಗ ಇದು ಹೆಂಗ ಕಾಣ್ತೈತಿ?’

ನನಗೆ ತಕ್ಷಣ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಎಲ್ಲೋ ಇರುವ ಆ ಬಾಣಂತಿಯ ಒಳಗೆ ಗಿರಣಿ ನಿಂತಿರುತ್ತದೆ. ಅವಳ ಮೈಯ ಲೆಕ್ಕದಲ್ಲಿ ತಾಯಿ ಸತ್ತಳು. ಅಷ್ಟೇ ಅಲ್ಲ. ಹರಿಹರದ ಆ ತರುಣ ಸತ್ತು ಎರಡು ವರ್ಷವಾಗಿತ್ತು, ಅವನ ತಳಿಯೂ ಇದೇ ಮೈಯಲ್ಲಿ ಬದುಕಿತ್ತಲ್ಲ, ಅದನ್ನೂ ನಾವು ಅಳಿಸಿದ್ದೆವು. ಮಗನಿಗೆ ಮಣ್ಣು ಕೊಟ್ಟು ಬಂದ ಆ ಮನೆಯಲ್ಲಿ ಯಾರೋ ಒಬ್ಬರು ಇವತ್ತು ಸೊಂಟ ಹಿಡಿದುಕೊಂಡು, ಮತ್ತೆ ಯಾರು ಹೋದರು ಎಂದು ಮನೆ ಮಂದಿಯ ಮುಖ ಎಣಿಸುತ್ತಿರಬಹುದು.

‘ಮುಂದಿನ ತಿಂಗಳ ಮುನ್ನೂರು ಮಂದಿಗೆ ಇದನ್ನ ಕೊಡೂದೈತಿ,’ ಎಂದರು ಡಾಕ್ಟರು.

ಎಂಟನೆಯ ದಿನ ಶಾವಂತ್ರವ್ವನನ್ನು ಮನೆಗೆ ಬಿಟ್ಟೆವು. ಕೆಲಸ ಮಾಡಕೂಡದು ಎಂದಿದ್ದಕ್ಕೆ ಅಡುಗೆಮನೆಯ ಬಾಗಿಲ ಒಳಗೆ ಮಂಚ ಹಾಕಿಸಿಕೊಂಡು, ಕೆಲಸದ ಹೆಂಗಸರಿಗೆ ಅಲ್ಲಿಂದಲೇ ಆಜ್ಞೆ ಮಾಡುತ್ತಿದ್ದಳು. ನಾನು ಹೊರಗೆ ಉಣ್ಣಲು ಕೂತಿದ್ದೆ. ಆಗ ಒಬ್ಬ ಹೆಂಗಸು ಒಳಗೆ ಬಂದಳು. ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ, ಎದೆಗವಚಿಕೊಂಡ ಹಸುಗೂಸು. ಹಿಂದೆ ಚೀಲ ಹಿಡಿದ ಗಂಡ. ಅತ್ತತ್ತು ಅವಳ ಕಣ್ಣು ಬಾತಿದ್ದವು. ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಹುಡುಕುವವಳಂತೆ ಸುತ್ತಲೂ ನೋಡಿ, ಕಾಣದೆ, ನನ್ನ ಹತ್ತಿರ ಬಗ್ಗಿ ಸಣ್ಣ ದನಿಯಲ್ಲಿ ಕೇಳಿದಳು:

‘ಯಕ್ಕಾರ, ಶಾವಂತ್ರವ್ವಂದು… ಮಣ್ಣ ಯಾವತ್ತಾತ್ರಿ?’

ಒಳಗಿನಿಂದ ಶಾವಂತ್ರವ್ವನ ದನಿ ಬಂತು, ‘ಯಾರದವಾ ಮಣ್ಣ?’

ಆ ದನಿ ಕೇಳಿ ಹೆಂಗಸು ಕಿರುಚಿದ ಕಿರುಚಿಗೆ ಓಣಿಯ ಮಂದಿಯೆಲ್ಲ ಬಂದರು. ಮುಂದಿನದನ್ನು ನಾನು ಬಣ್ಣಿಸಲಾರೆ. ಸತ್ತಳೆಂದು ಅತ್ತುಕೊಂಡು ಬಂದವಳು, ಸತ್ತಳೆಂದು ಹಿಂದೊಮ್ಮೆ ಸಾರಿದವಳು, ಇಬ್ಬರೂ ಒಬ್ಬರ ಮುಖ ಒಬ್ಬರು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಮಿರಜದಿಂದ ಬಂದಿದ್ದಳು. ‘ಕೂಸಿಗೆ ಹಾಲು ಕುಡಿಸಾಕತ್ತಿದ್ದೆ ಅವ್ವಾ. ಒಳಗ ಏನೋ ಬಂದ್ ಆತು. ನೀ ಹೋದಿ ಅಂತ ಆ ಕ್ಷಣದಾಗ ನನಗ ಗೊತ್ತಾತು. ಯಾರೂ ಹೇಳಲಿಲ್ಲ, ಸುಮ್ಮನ ಗೊತ್ತಾತು,’ ಎಂದು ಮಂದಾಕಿನಿ ಹೇಳುತ್ತಿದ್ದಳು. ಗಂಡ, ಆ ಕ್ಲಾರ್ನೆಟ್ಟಿನವ, ಬಾಗಿಲಲ್ಲೇ ನಿಂತಿದ್ದ. ಒಳಗೆ ಬಾ ಎಂದು ಶಾವಂತ್ರವ್ವ ಕೈ ಮಾಡಿ ಕರೆದಳು.

ಕೂಸು ಹೆಣ್ಣು.

ನಾನು ಹೊರಗೆ ಬಂದು ಡಾಕ್ಟರಿಗೆ ಫೋನು ಮಾಡಿದೆ. ಹೇಳದಿದ್ದರೆ ಚೆನ್ನಾಗಿತ್ತೇನೋ. ಹತ್ತು ನಿಮಿಷದಲ್ಲಿ ಸ್ಕೂಟರಿನ ಮೇಲೆ ಬಂದವರು, ಬಾಗಿಲಲ್ಲಿ ನಿಂತು ಆ ಮೂವರನ್ನು ನೋಡಿದರು. ಕೂಡಲೇ ಅವರ ಮುಖ ಇಳಿಯಿತು. ಶಾವಂತ್ರವ್ವನನ್ನು ಒಂದು ಕಡೆ ಕೂರಿಸಿ ಬಿಡಿಸಿ ಬಿಡಿಸಿ ಹೇಳಿದರು.

‘ಕೂಸಿಗೆ ಇನ್ನೂ ಬಂದಿರಂಗಿಲ್ಲ. ಆದ್ರ ನಿಮ್ಮ ಮಗಳು ಹಡೆದು ತಿಂಗಳಾಗಿಲ್ಲ. ಸೂತಕದಾಗ ಸುಮ್ಮನಿದ್ದದ್ದು ಇವತ್ತಲ್ಲ ನಾಳೆ ಆಕಿ ಮೈಯಾಗ ಮತ್ತ ಹರಿಯಾಕ ಸುರು ಆಗ್ತೈತಿ. ಒಂದ ಬಚ್ಚಲಾ, ಒಂದ ಹಾಸಿಗಿ ಬ್ಯಾಡ್ರಿ. ಆಕಿ ಅರಿವಿ ಬಟ್ಟಿ ನೀವು ಮುಟ್ಟಬ್ಯಾಡ್ರಿ. ಆರು ತಿಂಗಳ ಅಷ್ಟ. ಒಮ್ಮೆ ಹೊಳ್ಳಿ ಬಂತಂದ್ರ ನನ್ನ ಕೈಯಾಗ ಏನೂ ಉಳಿದಿಲ್ಲ. ಕಿಡ್ನಿ ಹೋಗ್ತೈತಿ. ಆಮ್ಯಾಲೆ ಡಯಾಲಿಸಿಸ್, ನಿಮ್ಮ ಮೈ ಅದನ್ನ ಎಷ್ಟು ದಿವಸ ತಡೀತೈತಿ ಅಂತ ನಾ ಹೇಳಲಾರೆ.’

ಶಾವಂತ್ರವ್ವ ತಲೆಯಾಡಿಸಿದಳು. ಎದುರಿನ ಲಾಡ್ಜಿನಲ್ಲಿ ಮಗಳಿಗೆ ಕೋಣೆ ಹಿಡಿಯಲಾಯಿತು. ಮಂದಾಕಿನಿಗೂ ಎಲ್ಲ ಹೇಳಿದೆವು, ಅವಳೂ ಹೂಂ ಅಂದಳು. ಎಲ್ಲರೂ ಜಾಣ ಶಹಾಣ್ಯಾರಂತೆ ಒಪ್ಪಿದ್ದು ನೋಡಿ ನನಗೆ ಆಗಲೇ ಸಂಶಯ ಬರಬೇಕಿತ್ತು.

ಮರುದಿನ ಬೆಳಗ್ಗೆ ಒಂಬತ್ತಕ್ಕೆ, ಲ್ಯಾಬಿಗೆ ಹೋಗುವ ಮುಂಚೆ, ಹೇಗಿದ್ದಾಳೆ ನೋಡೋಣ ಎಂದು ಅವಳ ಮನೆಗೆ ಹೋದೆ. ಬಚ್ಚಲಿನಿಂದ ಉಗಿ ಬರುತ್ತಿತ್ತು. ಶಾವಂತ್ರವ್ವ ಮಣೆಯ ಮೇಲೆ ಕೂತು, ಬಾತ ಕಾಲುಗಳನ್ನು ಉದ್ದಕ್ಕೆ ಚಾಚಿ, ಅವುಗಳ ಮೇಲೆ ಕೂಸನ್ನು ಬೋರಲು ಮಲಗಿಸಿಕೊಂಡು ಎರೆಯುತ್ತಿದ್ದಳು. ಮೂಲೆಯಲ್ಲಿ ಮಗಳು ತಲೆಗೆ ಬಟ್ಟೆ ಕಟ್ಟಿಕೊಂಡು ಬೆನ್ನು ಕಾಸಿಕೊಳ್ಳುತ್ತಿದ್ದಳು. ನೀರಿನ ಬ್ಯಾರಲ್ಲಿನ ಪಕ್ಕದಲ್ಲಿ ಬಾಣಂತಿಯ ಬಟ್ಟೆಗಳನ್ನು ಆಗಲೇ ಹಿಂಡಿ ಇಡಲಾಗಿತ್ತು. ಯಾರು ಹಿಂಡಿದರೆಂದು ಕೇಳಬೇಕಾಗಿರಲಿಲ್ಲ.

‘ಹುಚ್ಚ ಹಿಡದೈತೇನ ನಿನಗ?’ ಎಂದು ನಾನು ಕೂಗಿದೆ. ‘ಏ ಮಂದಾ, ನಿನಗಾದ್ರೂ ತಿಳೀಬಾರದೇನ?’

‘ಬ್ಯಾಡ ಅಂದೆರಿ ಚಂಪಕ್ಕಾರ,’ ಎಂದಳು ಅವಳು ಅಳುಮುಖ ಮಾಡಿ. ‘ಕೋಣಿಗೆ ಬಂದು ಕೂಸನ್ನ ಎತ್ಕೊಂಡು ನಡದಬಿಟ್ಲು. ನಾ ಹಿಂದ ಓಡಿ ಬಂದೆ.’

ಶಾವಂತ್ರವ್ವ ತಲೆ ಎತ್ತಲಿಲ್ಲ. ಕೂಸಿನ ಬೆನ್ನಿಗೆ ನೀರು ಹೊಯ್ಯುತ್ತಲೇ ಹೇಳಿದಳು: ‘ಹನ್ನೊಂದು ವರ್ಷದ ಹಿಂದ ಸತ್ತಿ ಅಂದು ಕಳಿಸಿದಾಕಿ ನಾನ. ಈಗ ಹಸಿಮೈಲೆ ಬಾಗಲಿಗೆ ಬಂದಾಳ. ಲಾಡ್ಜಿನ್ಯಾಗ ಬಾಣಂತನ ಮಾಡ್ಕೋ ಅಂತ ಯಾ ಬಾಯಿಲೆ ಹೇಳ್ಲಿ? ಹೇಳಿದ್ರ ನಾ ತಾಯೇನ?’

‘ಹತ್ತು ವರ್ಷ ಅಕ್ಕಾ! ಹತ್ತು ವರ್ಷ ಬದುಕ್ತಿದ್ದಿ!’

‘ಹೋಗ ಚಂಪಾ, ನೀ ಬಾಳ ಮಾತಾಡ್ತಿ. ಆ ಟವೆಲ್ ಕೊಡು ಇತ್ತ.’

ಡಾಕ್ಟರಿಗೆ ಹೇಳುವುದು ನನ್ನ ಕರ್ತವ್ಯವಾಗಿತ್ತು. ಹೇಳಿದರೆ ಅವರು ಬಂದು ಕೂಗಾಡುತ್ತಿದ್ದರು, ಮಗಳನ್ನು ಮಿರಜಕ್ಕೆ ಅಟ್ಟುತ್ತಿದ್ದರು, ಶಾವಂತ್ರವ್ವ ಬದುಕುತ್ತಿದ್ದಳು. ಇದೆಲ್ಲ ಗೊತ್ತಿದ್ದೂ ನಾನು ಟವೆಲ್ ಕೊಟ್ಟೆ. ನನ್ನನ್ನು ಬೈಯುವವರು ಬೈಯಲಿ, ನಾನೂ ದಿನಾ ಬೈದುಕೊಳ್ಳುತ್ತೇನೆ.

ಆಮೇಲೆ ದಿನಾ ಬೆಳಗ್ಗೆ ನಾನು ಪರದೆ ತೆರೆಯುವ ಮುಂಚೆ ಕಣ್ಣು ಮುಚ್ಚಿ ಒಂದು ಕ್ಷಣ ಕೂರುತ್ತಿದ್ದೆ. ಸೊನ್ನೆ. ಸೊನ್ನೆ. ಅವಳ ಕಾಲಿನ ಬಾವು ಇಳಿಯಿತು. ಮುಖಕ್ಕೆ ಕಳೆ ಬಂತು, ಬೈಗುಳಕ್ಕೆ ಹಳೆಯ ಜೋರು ಬಂತು. ಡಾಕ್ಟರು ಅವಳ ರಕ್ತದ ವರದಿ ಹಿಡಿದು, ‘ನೋಡಿದ್ರಿ? ದೂರ ಇಟ್ಟದ್ದು ಚಲೋ ಆತು’ ಎಂದರು. ನಾನು ಹೂಂ ಎಂದೆ. ಇಪ್ಪತ್ತು ದಿನ ಸೊನ್ನೆ, ಮೂವತ್ತು ದಿನ ಸೊನ್ನೆ. ಬರಲಿಕ್ಕಿಲ್ಲ ಎಂದು ನಾನೂ ಆಸೆಪಡತೊಡಗಿದೆ.

ಮೂವತ್ತಾರನೆಯ ಬೆಳಗ್ಗೆ ಪರದೆಯ ಮೇಲೆ ಹದಿನೇಳು ಎಂದಿತ್ತು. ಪೆಟ್ಟಿಗೆ ತಪ್ಪಿರಬಹುದು, ಇಲ್ಲವೇ ಮಗಳದ್ದು ಮೋರಿಗೆ ಸೇರಿರಬಹುದು ಎಂದು, ಯಾರಿಗೂ ಹೇಳದೆ ಅವಳಿಂದ ಬಾಟಲಿಯಲ್ಲಿ ತುಂಬಿಸಿ ತಂದು ಲ್ಯಾಬಿನಲ್ಲಿ ಮತ್ತೆ ಎಣಿಸಿದೆ. ಹತ್ತೊಂಬತ್ತು. ತಳಿಯ ಹೆಸರನ್ನೂ ನೋಡಿದೆ. ಹಾಳೆಯನ್ನು ಮಡಚಿ ಕೈಯಲ್ಲಿ ಹಿಡಿದು ಓಣಿಗೆ ನಡೆದೆ. ಬಿಸಿಲಿಗೋ ಏನೋ, ಆ ನೂರು ಹೆಜ್ಜೆ ಬಹಳ ದೂರ ಅನ್ನಿಸಿತು.

ಶಾವಂತ್ರವ್ವ ಅಡುಗೆಮನೆಯ ಬಾಗಿಲಲ್ಲಿ ಕೂತು ಮೊಮ್ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಮಂದಾಕಿನಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಅವ್ವನ ಕೈಯಷ್ಟೇ ಜೋರಾಗಿ. ನನ್ನ ಮುಖ ನೋಡಿದ ಕೂಡಲೇ ಶಾವಂತ್ರವ್ವನಿಗೆ ತಿಳಿಯಿತು. ಮಗಳಿಗೆ ಕೇಳದಂತೆ ದನಿ ತಗ್ಗಿಸಿದಳು.

‘ಬಂತೇನ?’

‘ಬಂತು.’

ಅವಳ ಕೈ ನಿಲ್ಲಲಿಲ್ಲ. ಕೂಸಿನ ನೆತ್ತಿಯ ಮೇಲೆ ಇನ್ನೆರಡು ಸಲ ಎಣ್ಣೆ ತಟ್ಟಿದಳು. ಆಮೇಲೆ, ಹೆದರಿಕೊಂಡು ಕೇಳುವವಳಂತೆ ಕೇಳಿದಳು: ‘ಬ್ಯಾರೆ ಯಾರದರ ಅಲ್ಲಲ್ಲ? ನಮ್ಮ ಮನೀದ ಹೌದಲ್ಲ, ನೋಡಿ ಹೇಳು.’

ನಾನು ಹಾಳೆ ಬಿಡಿಸಿದೆ. ಕಣ್ಣು ಮಂಜಾಗಿ ಅಕ್ಷರ ಕಾಣಿಸುತ್ತಿರಲಿಲ್ಲ. ಕಾಣಬೇಕಾದ ಅಗತ್ಯವೂ ಇರಲಿಲ್ಲ.

‘ಹೌದಕ್ಕಾ. ನಿಮ್ಮ ಮನೀದ.’

‘ಸಾಕ ಬಿಡು ಹಂಗಾರ,’ ಎಂದು ಶಾವಂತ್ರವ್ವ ಕೂಸನ್ನು ಎದೆಗೆ ಎತ್ತಿಕೊಂಡಳು.